ಎರಡು ಅಪ್‌ಸ್ಟ್ರೀಮ್‌ಗೂ ಬಿಜಿಪಿ ಹಾಕಿದೀನಿ, ಆದ್ರೂ ಟ್ರಾಫಿಕ್ ಎಲ್ಲಾ ಒಂದೇ ಲಿಂಕಲ್ಲಿ ಬರ್ತಿದೆ

ಸಾಗರದ_ಹುಡುಗ · ಸೋಮವಾರ ರಾತ್ರಿ 9:50

ಎಲ್ರಿಗೂ ನಮಸ್ಕಾರ. ಸಾಗರ ಕಡೆ ನಮ್ದೊಂದು ಸಣ್ಣ ಐಎಸ್‌ಪಿ ಇದೆ, ಅಪ್ಪ ಕೇಬಲ್ ಟಿವಿ ನಡೆಸ್ತಿದ್ರು, ನಾನು ಅದನ್ನ ಫೈಬರ್ ಮಾಡಿದೆ, ಈಗ 2,200 ಮನೆ ಇದೆ. ಇಷ್ಟು ದಿನ ಒಂದೇ ಕಂಪನಿ ಹತ್ರ ಬ್ಯಾಂಡ್‌ವಿಡ್ತ್ ತಗೊಂಡು ಅವ್ರು ಕೊಟ್ಟ ಐಪಿಯಲ್ಲೇ ನಡೀತಿತ್ತು, ಮಳೆಗಾಲ ಬಂತು ಅಂದ್ರೆ ಎಲ್ಲೋ ಮರ ಬಿದ್ದು ಕೇಬಲ್ ಹೋಗೋದು, ಇಡೀ ಊರಿಗೆ ನೆಟ್ ಇಲ್ಲ, ಫೋನ್ ಎತ್ತಿ ಎತ್ತಿ ಸಾಕಾಗೋದು. ಅದಕ್ಕೆ ಈ ವರ್ಷ ಐಆರ್‌ಐಎನ್‌ಎನ್ (ಭಾರತದಲ್ಲಿ ಐಪಿ ವಿಳಾಸ ಹಂಚೋ ಸಂಸ್ಥೆ) ಮೂಲಕ ಸ್ವಂತ ಎಎಸ್ ನಂಬರ್ (ಇಂಟರ್ನೆಟ್ಟಲ್ಲಿ ನಮ್ಮ ನೆಟ್‌ವರ್ಕಿನ ಗುರುತು), ಒಂದು /23 (512 ಐಪಿ ವಿಳಾಸದ ಗುಂಪು) ತಗೊಂಡು, ಬೇರೆ ದಾರೀಲಿ ಬರೋ ಎರಡನೇ ಅಪ್‌ಸ್ಟ್ರೀಮ್ (ನಮಗೆ ಇಂಟರ್ನೆಟ್ ಕೊಡೋ ಕಂಪನಿ) ಹಾಕ್ಸಿದೀವಿ. ಎರಡೂ 3 ಜಿಬಿಪಿಎಸ್ ಲಿಂಕ್. ಇಬ್ಬರ ಹತ್ರಾನೂ ಬಿಜಿಪಿಯಲ್ಲಿ (ಯಾವ ವಿಳಾಸಕ್ಕೆ ಯಾವ ದಾರಿ ಅಂತ ನೆಟ್‌ವರ್ಕ್‌ಗಳು ಒಂದಕ್ಕೊಂದು ಹೇಳ್ಕೊಳ್ಳೋ ಪ್ರೊಟೊಕಾಲ್) ಫುಲ್ ಟೇಬಲ್ (ಇಂಟರ್ನೆಟ್ಟಿನ ಎಲ್ಲಾ ದಾರಿಗಳ ಪಟ್ಟಿ) ತಗೋತಿದೀನಿ.

ಸಮಸ್ಯೆ ಏನಂದ್ರೆ ರಾತ್ರಿ 9 ಗಂಟೆಗೆ ಮೊದಲನೇ ಲಿಂಕ್ (ಎ ಅನ್ನೋಣ) ಪೂರ್ತಿ 3 ಜಿ ತುಂಬಿ ಪ್ಯಾಕೆಟ್ ಬೀಳ್ತಿದೆ, ಎರಡನೇದ್ರಲ್ಲಿ (ಬಿ) 200 ಎಂಬಿ ಕೂಡ ಇಲ್ಲ. ಎ ಕಡೆ ಮೂರು ಸಲ ಪ್ರಿಪೆಂಡ್ ಮಾಡಿದೆ (ದಾರಿ ಉದ್ದ ಕಾಣ್ಲಿ ಅಂತ ನಮ್ಮ ಎಎಸ್ ನಂಬರನ್ನೇ ಮತ್ತೆ ಮತ್ತೆ ಸೇರಿಸೋದು), ಹತ್ತು ಪರ್ಸೆಂಟ್ ಕೂಡ ಕಡಿಮೆ ಆಗಿಲ್ಲ. ಕಾನ್ಫಿಗ್ ಹಾಕ್ತಿದೀನಿ, ನಂಬರ್ ಎಲ್ಲಾ ಉದಾಹರಣೆಗೆ ಬದಲಾಯಿಸಿದೀನಿ:

ರೂಟರ್ ಬಿಜಿಪಿ 64500
 ನೆಟ್‌ವರ್ಕ್ 198.18.10.0 ಮಾಸ್ಕ್ 255.255.254.0
 ನೈಬರ್ 192.0.2.1 ರಿಮೋಟ್-ಎಎಸ್ 64501
 ನೈಬರ್ 192.0.2.1 ರೂಟ್-ಮ್ಯಾಪ್ ಪ್ರಿಪೆಂಡ್ ಔಟ್
 ನೈಬರ್ 203.0.113.1 ರಿಮೋಟ್-ಎಎಸ್ 64502
ರೂಟ್-ಮ್ಯಾಪ್ ಪ್ರಿಪೆಂಡ್ ಪರ್ಮಿಟ್ 10
 ಸೆಟ್ ಎಎಸ್-ಪಾತ್ ಪ್ರಿಪೆಂಡ್ 64500 64500 64500

ಸೆಕೆಂಡ್ ಹ್ಯಾಂಡ್ ಸಿಸ್ಕೋ, ಹಳೇ ಐಒಎಸ್ (ಸಿಸ್ಕೋ ರೂಟರಿನ ಸಾಫ್ಟ್‌ವೇರ್). ಗೊತ್ತಿರೋರು ದಯವಿಟ್ಟು ಹೇಳಿ ಮಾರಾಯ್ರೆ.


ರಾತ್ರಿಪಾಳಿ_ಧಾರವಾಡ · ರಾತ್ರಿ 10:12

ಅಣ್ಣಾರ, ಮೊದಲ ಟ್ರಾಫಿಕ್ ಮಾತು ಬಿಡ್ರಿ. ನಿಮ್ಮ ಕಾನ್ಫಿಗ್ ನೋಡಿ ನನಗ ಹೆದರಿಕಿ ಆತು. ಬಿ ನೈಬರ್‌ಗೆ (ಆಚೆ ಕಡಿ ರೂಟರ್‌ಗೆ) ಔಟ್ ಫಿಲ್ಟರ್ (ಹೊರಗ ಏನ್ ಹೇಳಬೇಕು ಅನ್ನೋ ಜರಡಿ) ಇಲ್ಲೇ ಇಲ್ಲ. ಎ ಕಡಿಗೆ ರೂಟ್ ಮ್ಯಾಪ್ (ನಿಯಮದ ಪಟ್ಟಿ) ಐತಿ ಖರೆ, ಆದ್ರ ಅದರೊಳಗ ಮ್ಯಾಚ್ (ಯಾವ ರೂಟಿಗೆ ಅನ್ನೋ ಷರತ್ತು) ಅನ್ನೋದ ಇಲ್ಲ, ಅಂದ್ರ ಇದ್ದಬದ್ದ ಎಲ್ಲಾ ರೂಟಿಗೂ ಪರ್ಮಿಟ್ ಕೊಟ್ಟಂಗ. ಎ ಇಂದ ಕಲ್ತಿದ್ದನ್ನ ಬಿ ಗೆ ಹೇಳಾಕತ್ತೀರಿ, ಬಿ ಇಂದ ಕಲ್ತಿದ್ದನ್ನ ಎ ಗೆ ಹೇಳಾಕತ್ತೀರಿ. ಅಂದ್ರ ಅರ್ಧ ಇಂಟರ್ನೆಟ್ಟು ನಿಮ್ಮ ಸಾಗರದ ರೂಟರ್ ಮ್ಯಾಲೆ ಹಾದು ಹೋಗ್ಲಿ ಅಂತ ನೀವ ಕರದಂಗಾತು.

ಈ ಕಮಾಂಡ್ ಹೊಡದು ನೋಡ್ರಿ ಈಗ:

ಶೋ ಐಪಿ ಬಿಜಿಪಿ ನೈಬರ್ಸ್ 203.0.113.1 ಅಡ್ವರ್ಟೈಸ್ಡ್-ರೂಟ್ಸ್

ಒಂದ ಸಾಲು ಬಂದ್ರ ನಾ ಹೇಳಿದ್ದು ತಪ್ಪು. ಪರದೆ ತುಂಬ ಓಡಾಕತ್ತಿದ್ರ ಉಳದದ್ದೆಲ್ಲಾ ಬಿಟ್ಟು ಇದನ್ನ ಸರಿ ಮಾಡ್ರಿ.


ಸಾಗರದ_ಹುಡುಗ · ರಾತ್ರಿ 10:19

ಓಡ್ತಾನೇ ಇದೆ... ಸ್ಪೇಸ್ ಒತ್ತಿ ಒತ್ತಿ ಕೊನೆ ಸಿಗ್ಲಿಲ್ಲ. ಆದ್ರೆ ಏನೂ ತೊಂದ್ರೆ ಆಗಿಲ್ವಲ್ಲ ಎರಡು ವಾರದಿಂದ?


ಹಳೇ_ಬೇರು · ರಾತ್ರಿ 10:31

ತೊಂದ್ರೆ ಆಗಿಲ್ಲ ಅಂದ್ರೆ ನಿಮ್ಮ ಇಬ್ಬರು ಅಪ್‌ಸ್ಟ್ರೀಮೂ ಅವ್ರ ಕಡೆ ಪ್ರಿಫಿಕ್ಸ್ (ವಿಳಾಸದ ಗುಂಪು) ಫಿಲ್ಟರ್ ಹಾಕಿದಾರೆ ಅಂತರ್ಥ, ನಿಮ್ಮ /23 ಬಿಟ್ಟು ಬೇರೆ ಏನು ಕಳಿಸಿದ್ರೂ ಬಿಸಾಕ್ತಿದಾರೆ. ಎಲ್ಲರೂ ಹಾಗೆ ಮಾಡಲ್ಲ. 2019 ಜೂನ್ 24ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಗಿದ್ದು ಇದೇ. ಒಂದು ಸಣ್ಣ ಪ್ರೊವೈಡರ್ ಕಡೆಯ ರೂಟುಗಳನ್ನ ಅದರ ಗ್ರಾಹಕ ಕಂಪನಿ ತನ್ನ ಇನ್ನೊಂದು ಅಪ್‌ಸ್ಟ್ರೀಮ್ ಆದ ವೆರೈಝನ್‌ಗೆ ದಾಟಿಸ್ತು, ವೆರೈಝನ್ ಫಿಲ್ಟರ್ ಮಾಡದೆ ಜಗತ್ತಿಗೇ ಹೇಳ್ತು, ಕ್ಲೌಡ್‌ಫ್ಲೇರ್ ಸೇರಿ ಎಷ್ಟೋ ಸೈಟುಗಳ ಟ್ರಾಫಿಕ್ ಆ ಸಣ್ಣ ಪೈಪಿಗೆ ನುಗ್ಗಿ ಉಸಿರುಗಟ್ಟಿ ಸತ್ತುಹೋಯ್ತು. ನಿಮ್ಮ ಕಾನ್ಫಿಗ್ ಇರೋ ಜಾಗ ಆ ಗ್ರಾಹಕ ಕಂಪನಿ ಇದ್ದ ಜಾಗಾನೇ.

ಬಿಜಿಪಿ ಹುಟ್ಟಿದ್ದು 1989ರಲ್ಲಿ, ಕರ್ಕ್ ಲೋಹೀಡ್ ಮತ್ತು ಯಾಕೊವ್ ರೆಕ್ಟರ್ ಊಟದ ಹೊತ್ತಲ್ಲಿ ನ್ಯಾಪ್ಕಿನ್ ಮೇಲೆ ಗೀಚಿದ ಪ್ಲಾನ್ ಅದು. ಆಗ ಇದ್ದಿದ್ದು ಕೆಲವೇ ನೆಟ್‌ವರ್ಕ್, ಎಲ್ಲರಿಗೂ ಎಲ್ಲರೂ ಗೊತ್ತು, ಹೇಳಿದ್ದನ್ನ ನಂಬೋದು ಅನ್ನೋದೇ ಅದರ ಸ್ವಭಾವ. ಈಗ ಐಪಿವಿ4 ಟೇಬಲ್ಲೇ ಹತ್ತಿರ ಹತ್ತಿರ 10 ಲಕ್ಷ ರೂಟ್ ಇದೆ, ಸ್ವಭಾವ ಮಾತ್ರ ಬದಲಾಗಿಲ್ಲ. 2017ರಲ್ಲಿ ಆರ್‌ಎಫ್‌ಸಿ (ಇಂಟರ್ನೆಟ್ ನಿಯಮಗಳ ದಾಖಲೆ) 8212 ಬಂತು, ಪಾಲಿಸಿ ಬರೀದೇ ಇದ್ರೆ ಹೊರಗಿನ ನೈಬರ್‌ಗೆ ಏನೂ ಹೇಳಬಾರದು, ಅವರಿಂದ ಏನೂ ತಗೋಬಾರದು ಅಂತ. ಸಿಸ್ಕೋದ ದೊಡ್ಡ ರೂಟರ್‌ಗಳ ಐಒಎಸ್ ಎಕ್ಸ್‌ಆರ್ ಮೊದಲಿಂದಲೂ ಹಾಗೇ ಇದೆ, ಹೊಸ ಎಫ್‌ಆರ್‌ಆರ್ (ಉಚಿತ ರೂಟಿಂಗ್ ಸಾಫ್ಟ್‌ವೇರ್) ಕೂಡ ಹಾಗೆ. ನಿಮ್ಮ ಹಳೇ ಐಒಎಸ್‌ನಲ್ಲಿ ಮಾತ್ರ ನೈಬರ್ ಎದ್ದ ತಕ್ಷಣ ಬಾಯಿ ತೆರೆದುಬಿಡುತ್ತೆ. ಅದಕ್ಕೆ ನಾನು ಯಾವಾಗ್ಲೂ ನೈಬರ್‌ನ ಮೊದಲು ಶಟ್‌ಡೌನ್‌ನಲ್ಲಿ ಇಟ್ಟು, ಫಿಲ್ಟರ್ ಎಲ್ಲಾ ಬರೆದಾದ್ಮೇಲೆ ಕೊನೇಗೆ ಎಬ್ಬಿಸ್ತೀನಿ.

ಈಗ ಇದನ್ನ ಹಾಕಿ:

ಐಪಿ ಪ್ರಿಫಿಕ್ಸ್-ಲಿಸ್ಟ್ ನಮ್ದು ಸೀಕ್ 5 ಪರ್ಮಿಟ್ 198.18.10.0/23
ಐಪಿ ಎಎಸ್-ಪಾತ್ ಆಕ್ಸೆಸ್-ಲಿಸ್ಟ್ 1 ಪರ್ಮಿಟ್ ^$
ರೂಟರ್ ಬಿಜಿಪಿ 64500
 ನೈಬರ್ 192.0.2.1 ಪ್ರಿಫಿಕ್ಸ್-ಲಿಸ್ಟ್ ನಮ್ದು ಔಟ್
 ನೈಬರ್ 192.0.2.1 ಫಿಲ್ಟರ್-ಲಿಸ್ಟ್ 1 ಔಟ್
 (ಬಿ ನೈಬರ್‌ಗೂ ಇದೇ ಎರಡು ಸಾಲು)
ಕ್ಲಿಯರ್ ಐಪಿ ಬಿಜಿಪಿ * ಸಾಫ್ಟ್ ಔಟ್

ಆ ^$ ಅಂದ್ರೆ ಖಾಲಿ ಎಎಸ್ ಪಾತ್ (ರೂಟ್ ದಾಟಿ ಬಂದ ಎಎಸ್‌ಗಳ ಪಟ್ಟಿ), ನಮ್ಮಲ್ಲೇ ಹುಟ್ಟಿದ ರೂಟ್ ಮಾತ್ರ. ಪ್ರಿಫಿಕ್ಸ್ ಲಿಸ್ಟ್‌ನಲ್ಲಿ ಯಾರಾದ್ರೂ ತಪ್ಪು ಬರೆದ್ರೂ ಇದು ತಡೆಯುತ್ತೆ. ಸಾಫ್ಟ್ ಔಟ್ ಅನ್ನೋದನ್ನ ಮರೀಬೇಡಿ, ಮರೆತ್ರೆ ಎರಡೂ ಸೆಷನ್ ಬಿದ್ದು ಎದ್ದು ಊರೆಲ್ಲ ಎಚ್ಚರ ಆಗುತ್ತೆ.


ಸಾಗರದ_ಹುಡುಗ · ರಾತ್ರಿ 10:58

ಹಾಕಿದೆ. ಈಗ ಎರಡೂ ಕಡೆ ಒಂದೇ ಸಾಲು ಬರ್ತಿದೆ. ಕೈ ಇನ್ನೂ ನಡುಗ್ತಿದೆ ನಿಜವಾಗ್ಲೂ. ತುಂಬಾ ಥ್ಯಾಂಕ್ಸ್ ಇಬ್ಬರಿಗೂ.


ರಾತ್ರಿಪಾಳಿ_ಧಾರವಾಡ · ರಾತ್ರಿ 11:05

ಛಲೋ ಆತು. ನನಗ ಯಾಕ ಹೆದರಿಕಿ ಅಂದ್ರ, ಕೆಲಸಕ್ಕ ಸೇರಿದ ಹೊಸದರಾಗ ನಾನೂ ಇದನ್ನ ಮಾಡೀನಿ. ನಮ್ಮ ಅಪ್‌ಸ್ಟ್ರೀಮ್‌ದವರು ಮ್ಯಾಕ್ಸಿಮಮ್-ಪ್ರಿಫಿಕ್ಸ್ 10 ಅಂತ ಇಟ್ಟಿದ್ರು, ನಮ್ಮ ರೂಟರ್ ಹನ್ನೊಂದನೇ ರೂಟ್ ಹೇಳಿದ ಕೂಡ್ಲೇ ಸೆಷನ್ ಕಡದು ಬಿಟ್ರು, ತಾನ ಮ್ಯಾಲೆ ಏಳಂಗಿಲ್ಲ ಅದು, ಅವರ ಕೈಲೆ ಕ್ಲಿಯರ್ ಮಾಡಿಸಬೇಕು. ರಾತ್ರಿ 2 ಗಂಟೆಗೆ ಅವರ ನಾಕ್‌ನವರು (ನೆಟ್‌ವರ್ಕ್ ನೋಡ್ಕೊಳ್ಳೋ ಮಂದಿ) ಫೋನ್ ಎತ್ತೋ ತನಕ 40 ನಿಮಿಷ ಗ್ರಾಹಕರೆಲ್ಲಾ ಬಂದ್. ಆದ್ರೂ ಅವರು ಕಡದದ್ದು ಛಲೋನ ಆತು ಅಂತೀನಿ, ಇಲ್ಲಾಂದ್ರ ನಮ್ಮ ತಪ್ಪು ಮಂದಿ ಮನಿಗೆ ಹೋಗ್ತಿತ್ತು. ನೀವೂ ನಿಮ್ಮ ಇನ್ ಕಡಿಗೆ ಮ್ಯಾಕ್ಸಿಮಮ್-ಪ್ರಿಫಿಕ್ಸ್ ಹಾಕ್ರಿ, ನಿಮ್ಮದ /23 ಹೊರಗಿಂದ ಬಂದ್ರ ತಗೋಬ್ಯಾಡ್ರಿ, 10.0.0.0/8 ಇಂಥಾ ಪ್ರೈವೇಟ್ ರೂಟೂ ಬ್ಯಾಡ, /24 ಕಿಂತ ಸಣ್ಣ ತುಂಡೂ ಬ್ಯಾಡ.


ಕುಡ್ಲದ_ರೂಟರ್ · ಮಂಗಳವಾರ ಬೆಳಗ್ಗೆ 7:40

ಈಗ ಅಸಲು ಪ್ರಶ್ನೆಗೆ ಬರುವ. ಪ್ರಿಪೆಂಡ್ ಯಾಕೆ ಕೆಲಸ ಮಾಡ್ಲಿಲ್ಲ ಅಂತ. ಪ್ರಿಪೆಂಡ್ ಅಂದ್ರೆ ನಾವು ಹೊರಗಿನವರಿಗೆ ಮಾಡುವ ವಿನಂತಿ ಮಾತ್ರ, "ಈ ದಾರಿ ಉದ್ದ ಉಂಟು, ಆಚೆ ಬನ್ನಿ" ಅಂತ. ಆದ್ರೆ ಎಎಸ್ ಪಾತ್ ಉದ್ದ ನೋಡುವ ಮೊದಲೇ ಲೋಕಲ್ ಪ್ರಿಫರೆನ್ಸ್ (ಯಾವ ದಾರಿ ಹೆಚ್ಚು ಬೇಕು ಅಂತ ಅವರೇ ಇಡುವ ಅಂಕ) ನೋಡ್ತಾರೆ. ಸಾಧಾರಣ ಎಲ್ಲ ದೊಡ್ಡ ನೆಟ್‌ವರ್ಕ್‌ನವರೂ ದುಡ್ಡು ಕೊಡುವ ಗ್ರಾಹಕನ ರೂಟ್‌ಗೆ ಹೆಚ್ಚು ಲೋಕಲ್ ಪ್ರೆಫ್ ಇಡ್ತಾರೆ, ಪೀರ್‌ಗೆ (ದುಡ್ಡಿಲ್ಲದೆ ಟ್ರಾಫಿಕ್ ಹಂಚಿಕೊಳ್ಳುವ ಸಮಾನ ನೆಟ್‌ವರ್ಕಿಗೆ) ಅದಕ್ಕಿಂತ ಕಡಿಮೆ. ಹಾಗಾಗಿ ಎ ಕಂಪನಿಯ ಒಳಗೆ ಬಂದ ಪ್ಯಾಕೆಟ್ ನೀವು ಹತ್ತು ಸಲ ಪ್ರಿಪೆಂಡ್ ಮಾಡಿದ್ರೂ ನೇರ ನಿಮ್ಮ ಲಿಂಕಿಗೇ ಬರ್ತದೆ, ಬಿ ಗೆ ಸುತ್ತಿ ಹೋಗುದಿಲ್ಲ.

ನಿಮ್ಮ ಗ್ರಾಹಕರು ರಾತ್ರಿ ನೋಡುವುದು ಏನು? ಯೂಟ್ಯೂಬ್, ರೀಲ್ಸ್, ಸಿನೆಮಾ. ಎ ಕಂಪನಿ ದೊಡ್ಡದಿದ್ರೆ ಆ ವಿಡಿಯೊಗಳ ಕ್ಯಾಶ್ ಸರ್ವರ್ (ನಕಲು ಇಟ್ಟಿರುವ ಸರ್ವರ್) ಅದರ ಮನೆ ಒಳಗೇ ಉಂಟು. ಆ ಟ್ರಾಫಿಕ್ ಹೊರಗೆ ಬಂದು ಎಎಸ್ ಪಾತ್ ಎಣಿಸುವ ಪ್ರಶ್ನೆಯೇ ಇಲ್ಲ.

ಎರಡು ದಾರಿ ಉಂಟು. ಒಂದು, ಎ ಯವರ ಹತ್ರ ಬಿಜಿಪಿ ಕಮ್ಯುನಿಟಿ (ರೂಟಿಗೆ ಅಂಟಿಸಿ ಕಳಿಸುವ ಚೀಟಿ) ಪಟ್ಟಿ ಕೇಳಿ, ನಿಮ್ಮ ರೂಟಿನ ಲೋಕಲ್ ಪ್ರೆಫ್ ಅವರ ಒಳಗೆ ಇಳಿಸುವ ಕಮ್ಯುನಿಟಿ ಇರ್ಬಹುದು. 1996ರ ಆರ್‌ಎಫ್‌ಸಿ 1998 ಬರೆದದ್ದೇ ಇದಕ್ಕೆ. ಆದ್ರೆ ಅದು ಹಾಕಿದ್ರೆ ಪೂರ್ತಿ /23 ಆಚೆ ಹೋಗ್ತದೆ, ಆಗ ಬಿ ತುಂಬ್ತದೆ. ಇನ್ನೊಂದು, ಎರಡೂ ಕಡೆ /23 ಹೇಳಿ, ಅದರ ಅರ್ಧ 198.18.11.0/24 ಅನ್ನು ಬಿ ಗೆ ಮಾತ್ರ ಹೆಚ್ಚಿಗೆ ಹೇಳಿ. ಬಿ ಬಿದ್ರೂ /23 ಎ ಯಲ್ಲಿ ಉಂಟು, ಊರು ನಿಲ್ಲುದಿಲ್ಲ.


ಸಿಸಿಎನ್‌ಪಿ_ಓದ್ತಿರೋಳು · ಬೆಳಗ್ಗೆ 8:15

ಸರ್ ಒಂದು ಡೌಟು. ಎ ಒಳಗೆ ಲೋಕಲ್ ಪ್ರೆಫ್ ಜಾಸ್ತಿ ಇರೋ /23 ಇದ್ದೂ, ಬಿ ಇಂದ ಸುತ್ತಿ ಬಂದ /24 ಹೇಗೆ ಗೆಲ್ಲುತ್ತೆ?


ಹಳೇ_ಬೇರು · ಬೆಳಗ್ಗೆ 8:32

ಒಳ್ಳೇ ಪ್ರಶ್ನೆ ಕಣಮ್ಮ. ಲೋಕಲ್ ಪ್ರೆಫ್, ಎಎಸ್ ಪಾತ್, ಮೆಡ್ ಎಲ್ಲಾ ಹೋಲಿಸೋದು ಒಂದೇ ಪ್ರಿಫಿಕ್ಸ್‌ಗೆ ಎರಡು ದಾರಿ ಇದ್ದಾಗ. /23, /24 ಎರಡೂ ಬೇರೆ ಬೇರೆ ಪ್ರಿಫಿಕ್ಸ್, ಬಿಜಿಪಿ ಅವನ್ನ ತೂಗಿ ನೋಡೋದೇ ಇಲ್ಲ, ಎರಡೂ ಟೇಬಲ್‌ಗೆ ಹೋಗುತ್ತೆ. ಪ್ಯಾಕೆಟ್ ಬಂದಾಗ ರೂಟರ್ ಹೆಚ್ಚು ನಿಖರವಾದದ್ದನ್ನ ಹಿಡಿಯುತ್ತೆ. ಕೂಡು ರಸ್ತೇಲಿ ಒಂದು ಬೋರ್ಡಲ್ಲಿ "ಶಿವಮೊಗ್ಗ ಜಿಲ್ಲೆ", ಇನ್ನೊಂದರಲ್ಲಿ "ಆನಂದಪುರ" ಅಂತ ಇದ್ರೆ ಆನಂದಪುರಕ್ಕೆ ಹೋಗೋನು ಎರಡನೇದನ್ನೇ ನೋಡಿ ಹೋಗ್ತಾನಲ್ಲ, ಮೊದಲನೇ ಬೋರ್ಡ್ ಎಷ್ಟೇ ದೊಡ್ಡದಿದ್ರೂ.

2008 ಫೆಬ್ರವರಿ 24ರಂದು ಯೂಟ್ಯೂಬ್ ಬಿದ್ದಿದ್ದು ಈ ನಿಯಮದಿಂದಲೇ. ಯೂಟ್ಯೂಬ್ ಹೇಳ್ತಿದ್ದಿದ್ದು 208.65.152.0/22. ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಬ್ಲಾಕ್ ಮಾಡೋಕೆ ಹಾಕಿದ 208.65.153.0/24 ಹೊರಗೆ ಸೋರಿ, ಅದರ ಅಪ್‌ಸ್ಟ್ರೀಮ್ ಪಿಸಿಸಿಡಬ್ಲ್ಯೂ ಅದನ್ನ ಮುಂದಕ್ಕೆ ಹೇಳ್ತು, ಜಗತ್ತಿನ ಟ್ರಾಫಿಕ್ ಪಾಕಿಸ್ತಾನಕ್ಕೆ ಹೋಗಿ ಅಲ್ಲೇ ಸತ್ತಿತು. ಯೂಟ್ಯೂಬ್‌ನವರು ಮೊದಲು ತಾವೂ /24 ಹೇಳಿದ್ರು, ಆಮೇಲೆ ಎರಡು /25. ಹೆಚ್ಚುಕಡಿಮೆ ಎರಡು ಗಂಟೆ ನಡೀತು ಅದು.


ಸಾಗರದ_ಹುಡುಗ · ರಾತ್ರಿ 9:20

/24 ಹಾಕಿದೆ ಸರ್. ಮೊದಲು ಹೊರಗೆ ಹೋಗ್ಲೇ ಇಲ್ಲ, ಆಮೇಲೆ ಗೊತ್ತಾಯ್ತು ರೂಟಿಂಗ್ ಟೇಬಲ್‌ನಲ್ಲಿ ಅದೇ ಅಳತೆಯ ರೂಟ್ ಇಲ್ದಿದ್ರೆ ನೆಟ್‌ವರ್ಕ್ ಸ್ಟೇಟ್‌ಮೆಂಟ್ ಸುಮ್ನಿರುತ್ತೆ ಅಂತ. ನಲ್0ಗೆ (ರೂಟರಿನ ಕಸದ ಬುಟ್ಟಿ) ಒಂದು ಸ್ಟ್ಯಾಟಿಕ್ ರೂಟ್ ಹಾಕಿದೆ, ಡಿಸ್ಟೆನ್ಸ್ 254 ಕೊಟ್ಟೆ (ಬೇರೆ ರೂಟ್ ಇದ್ರೆ ಅದೇ ಗೆಲ್ಲೋ ಹಾಗೆ). ಬಿ ಗೆ ಹೋಗೋ ಪ್ರಿಫಿಕ್ಸ್ ಲಿಸ್ಟೂ ಬೇರೆ ಮಾಡಿದೆ. ಬಿ ಯವ್ರು ಅವ್ರ ಫಿಲ್ಟರ್‌ನಲ್ಲಿ /23 ಮಾತ್ರ ಬಿಡ್ತಿದ್ರು, ಮೇಲ್ ಮಾಡಿ /24 ಸೇರಿಸ್ಸಿದೆ, ಅವ್ರ ಲುಕಿಂಗ್ ಗ್ಲಾಸಲ್ಲಿ (ಅವ್ರ ರೂಟರಿಗೆ ಏನು ಕಾಣ್ತಿದೆ ಅಂತ ತೋರಿಸೋ ಪುಟ) ಕಾಣ್ತಿದೆ. ಆದ್ರೆ ಟ್ರಾಫಿಕ್ ಹಾಗೇ ಇದೆ!! ಬಿ ಯಲ್ಲಿ 200 ಇದ್ದಿದ್ದು 210. ಯಾರಿಗೂ ನೆಟ್ ಹೋಗಿಲ್ಲ, ಎಲ್ಲಾ ನಡೀತಿದೆ, ಆದ್ರೆ ಏನೂ ಬದಲಾಗಿಲ್ಲ.


ಬೆಂಗ್ಳೂರ್_ಪೀರಿಂಗ್ · ರಾತ್ರಿ 9:47

ನಿಮ್ಮ ಆರ್‌ಒಎ ಹೇಗಿದೆ? ಐಆರ್‌ಐಎನ್‌ಎನ್‌ನಲ್ಲಿ ಆರ್‌ಪಿಕೆಐ (ವಿಳಾಸ ಯಾರು ಹೇಳಬಹುದು ಅಂತ ಸಹಿ ಹಾಕಿಡೋ ವ್ಯವಸ್ಥೆ) ಮಾಡುವಾಗ /23, ಮ್ಯಾಕ್ಸ್ ಲೆಂತ್ 23 ಅಂತ ಕೊಟ್ಟಿದೀರಾ?


ಸಾಗರದ_ಹುಡುಗ · ರಾತ್ರಿ 9:55

ಹೌದು, ಕನ್ಸಲ್ಟೆಂಟ್ ಒಬ್ರು ಹಾಗೇ ಮಾಡಿಕೊಟ್ರು.


ಬೆಂಗ್ಳೂರ್_ಪೀರಿಂಗ್ · ರಾತ್ರಿ 10:10

ಹಾಗಾದ್ರೆ ಸಿಕ್ತು. ಆರ್‌ಒಎ ಅಂದ್ರೆ "ಈ ವಿಳಾಸಗಳನ್ನ ಈ ಎಎಸ್ ಮಾತ್ರ, ಇಷ್ಟು ಉದ್ದದ ತನಕ ಹೇಳಬಹುದು" ಅಂತ ನೀವೇ ಸಹಿ ಮಾಡಿಟ್ಟ ಪತ್ರ. ಅದರಲ್ಲಿ 23 ಅಂತ ಇದೆ, ನೀವು ಹೇಳ್ತಿರೋದು /24, ಆದ್ರಿಂದ ಆ /24 ಇನ್‌ವ್ಯಾಲಿಡ್. ವ್ಯಾಲಿಡೇಶನ್ ಮಾಡೋ ನೆಟ್‌ವರ್ಕ್‌ಗಳು ಅದನ್ನ ಬಿಸಾಕ್ತವೆ, ನಿಮ್ಮ ಎ ಕಂಪನಿನೂ ಅದರಲ್ಲಿದೆ ಅನ್ಸುತ್ತೆ. ಇದನ್ನ ಹಿಡಿಯೋದು ಕಷ್ಟ ಯಾಕಂದ್ರೆ ಏನೂ ಒಡೆಯಲ್ಲ. /24 ಹೋದ್ರೂ ಕೆಳಗೆ ವ್ಯಾಲಿಡ್ ಆದ /23 ಇದೆಯಲ್ಲ, ಟ್ರಾಫಿಕ್ ಅದನ್ನ ಹಿಡಿದು ಮೊದಲಿನ ಹಾಗೇ ಎ ಯಲ್ಲಿ ಬರುತ್ತೆ. ಆ ಹೆಚ್ಚಾದ 10 ಎಂಬಿ ವ್ಯಾಲಿಡೇಶನ್ ಮಾಡದೆ ಇರೋರ ಕಡೆಯಿಂದ ಬಂದಿರಬೇಕು. ರೈಪ್‌ಸ್ಟ್ಯಾಟ್ ಅನ್ನೋ ಸೈಟಲ್ಲಿ ನಿಮ್ಮ /24 ಹಾಕಿ ನೋಡಿ, ಇನ್‌ವ್ಯಾಲಿಡ್ ಅಂತ ಬರೆದಿರುತ್ತೆ.


ಕುಡ್ಲದ_ರೂಟರ್ · ರಾತ್ರಿ 10:22

ಹೌದಲ್ಲ! ನಾನು ಅದನ್ನು ಮೊದಲೇ ಕೇಳ್ಬೇಕಿತ್ತು. ಮ್ಯಾಕ್ಸ್ ಲೆಂತ್ 24 ಮಾಡಿಬಿಡಿ, ಆಯ್ತು.


ಬೆಂಗ್ಳೂರ್_ಪೀರಿಂಗ್ · ರಾತ್ರಿ 10:36

ಇಲ್ಲ, ಇಲ್ಲಿ ನಾನು ಒಪ್ಪಲ್ಲ. ಮ್ಯಾಕ್ಸ್ ಲೆಂತ್ 24 ಮಾಡಿದ್ರೆ 198.18.10.0/24 ಕೂಡ ವ್ಯಾಲಿಡ್ ಆಗುತ್ತೆ, ಆದ್ರೆ ಅದನ್ನ ಅವ್ರು ಹೇಳ್ತಾ ಇಲ್ಲ. ಯಾರಾದ್ರೂ ಕೆಟ್ಟೋರು ಎಎಸ್ ಪಾತ್ ಕೊನೇಲಿ 64500 ಅಂತ ಸುಳ್ಳು ಬರೆದು ಆ /24 ಹೇಳಿದ್ರೆ ವ್ಯಾಲಿಡೇಶನ್ ಪಾಸ್ ಆಗುತ್ತೆ, ಜೊತೆಗೆ /23 ಗಿಂತ ನಿಖರ, ಎದುರಾಳಿನೇ ಇಲ್ಲದೆ ಗೆಲ್ಲುತ್ತೆ. 2022ರ ಆರ್‌ಎಫ್‌ಸಿ 9319 ಇದನ್ನೇ ಹೇಳಿರೋದು, ನಿಜವಾಗಿ ಹೇಳ್ತಿರೋ ಪ್ರಿಫಿಕ್ಸ್‌ಗೆ ಮಾತ್ರ ಆರ್‌ಒಎ ಮಾಡಿ ಅಂತ. ಎರಡು ಆರ್‌ಒಎ ಮಾಡಿ: /23ಕ್ಕೆ ಮ್ಯಾಕ್ಸ್ 23, 198.18.11.0/24ಕ್ಕೆ ಮ್ಯಾಕ್ಸ್ 24. ಐದು ನಿಮಿಷದ ಕೆಲಸ.


ಕುಡ್ಲದ_ರೂಟರ್ · ರಾತ್ರಿ 10:41

ಎರಡೂ /24 ಹೇಳಿದ್ರೆ ಆ ತೂತು ಮುಚ್ತದಲ್ವಾ? .10 ಎ ಗೆ, .11 ಬಿ ಗೆ. ಆಗ ಮ್ಯಾಕ್ಸ್ 24 ಇದ್ದರೂ ಹೇಳದೆ ಉಳಿದದ್ದು ಯಾವುದೂ ಇಲ್ಲ.


ಬೆಂಗ್ಳೂರ್_ಪೀರಿಂಗ್ · ರಾತ್ರಿ 10:49

ಮುಚ್ಚುತ್ತೆ, ನಿಜ. ಆದ್ರೆ ಒಂದು /24 ಸಾಕಾಗೋ ಕಡೆ ಎರಡು ಹೇಳೋದು ನನಗೆ ಇಷ್ಟ ಇಲ್ಲ. ಆ ಒಂದು ಸಾಲು ಪ್ರಪಂಚದ ಎಲ್ಲಾ ಫುಲ್ ಟೇಬಲ್ ರೂಟರ್‌ನ ಮೆಮೊರಿಲೂ ಕೂರುತ್ತೆ. 2014 ಆಗಸ್ಟ್ 12ರಂದು ಟೇಬಲ್ 512 ಸಾವಿರ ದಾಟಿದಾಗ ಹಳೇ ರೂಟರ್‌ಗಳು ಜಾಗ ಸಾಲದೆ ಒದ್ದಾಡಿದ್ದು ನಮ್ಮ ಆಫೀಸಲ್ಲೇ ನೋಡಿದೀನಿ. ಜಾಗ ಇದೆ ಅಂತ ಎಲ್ಲರೂ ತುಂಡು ತುಂಡು ಮಾಡಿ ಹೇಳೋದ್ರಿಂದಲೇ ಇಲ್ಲಿಗೆ ಬಂದಿದೀವಿ.


ಬಯಲು_ಬ್ರಾಡ್‌ಬ್ಯಾಂಡ್ · ರಾತ್ರಿ 11:02

ಮಧ್ಯ ಬಾಯಿ ಹಾಕ್ತಿದೀನಿ ಕ್ಷಮಿಸಿ, ಇಲ್ಲಿ ತಿಳ್ದೋರು ಇದೀರ ಅಂತ ಕೇಳ್ತಿದೀನಿ. ನಮ್ಮದು ಚಿತ್ರದುರ್ಗದ ಕಡೆ, ಹೊಸ ಅಪ್‌ಸ್ಟ್ರೀಮ್ ಸೆಷನ್ ಎಸ್ಟಾಬ್ಲಿಶ್ಡ್ ಆಗುತ್ತೆ, ಸರಿಯಾಗಿ ಮೂರು ನಿಮಿಷಕ್ಕೆ ಬೀಳುತ್ತೆ, ಮತ್ತೆ ಏಳುತ್ತೆ, ಮತ್ತೆ ಮೂರು ನಿಮಿಷ. ಪಿಂಗ್ ಮಾತ್ರ ಒಂದೂ ಡ್ರಾಪ್ ಇಲ್ಲ.


ರಾತ್ರಿಪಾಳಿ_ಧಾರವಾಡ · ರಾತ್ರಿ 11:09

ಮೂರು ನಿಮಿಷ ಅಂದ್ರ 180 ಸೆಕೆಂಡ್, ಹೋಲ್ಡ್ ಟೈಮರ್ (ಆಚೆ ಕಡಿಯಿಂದ ಏನೂ ಬರದಿದ್ರ ಸೆಷನ್ ಕಡಿಯೋ ಗಡುವು). ಎಂಟಿಯು (ಒಂದ ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿ) ನೋಡ್ರಿ. ಸಣ್ಣ ಪ್ಯಾಕೆಟ್ ಹೋಗ್ತಾವ, ಅದಕ್ಕ ಸೆಷನ್ ಏಳ್ತೈತಿ, ಟೇಬಲ್ ಕಳಸಾಕ ಶುರು ಮಾಡಿದ ಕೂಡ್ಲೇ 1500ರ ಪ್ಯಾಕೆಟ್ ನಡುವ ಎಲ್ಲ್ಯೋ ಬೀಳ್ತೈತಿ, ಟಿಸಿಪಿ ಅದನ್ನ ಮತ್ತ ಮತ್ತ ಕಳಸ್ತೈತಿ, ಹಿಂದ ನಿಂತ ಕೀಪಲೈವ್ (ಬದುಕೀನಿ ಅನ್ನೋ ಸಣ್ಣ ಸಂದೇಶ) ಮುಟ್ಟಂಗಿಲ್ಲ. ಡಿಎಫ್ ಬಿಟ್ (ತುಂಡು ಮಾಡಬ್ಯಾಡ ಅನ್ನೋ ಗುರುತು) ಹಾಕಿ ಹೆಡರ್ ಸೇರಿ 1500 ಸೈಜಿನ ಪಿಂಗ್ ಹೊಡೀರಿ, ಹೋಗಂಗಿಲ್ಲ ನೋಡ್ರಿ. ನಡುವಿನ ಟ್ರಾನ್ಸ್‌ಮಿಶನ್‌ದವರಿಗೆ ಹೇಳಿ ಸರಿ ಮಾಡಸ್ರಿ.


ಬಯಲು_ಬ್ರಾಡ್‌ಬ್ಯಾಂಡ್ · ರಾತ್ರಿ 11:26

ಸಣ್ಣ ಪಿಂಗ್ ಹೋಗುತ್ತೆ, 1500 ಹೋಗಲ್ಲ. ನಾಲ್ಕು ದಿನದಿಂದ ನಿದ್ದೆ ಕೆಟ್ಟಿತ್ತು ಅಣ್ಣ. ನಾಳೆ ಬೆಳಗ್ಗೇನೇ ಅವ್ರಿಗೆ ಟಿಕೆಟ್ ಹಾಕ್ತೀನಿ.


ಸಾಗರದ_ಹುಡುಗ · ಬುಧವಾರ ರಾತ್ರಿ 9:30

ಎರಡು ಆರ್‌ಒಎ ಮಾಡಿದೆ ನಿನ್ನೆ ರಾತ್ರಿನೇ, ಬೆಳಗ್ಗೆ ನೋಡಿದ್ರೆ /24 ವ್ಯಾಲಿಡ್, ಎ ಯ ಲುಕಿಂಗ್ ಗ್ಲಾಸಲ್ಲೂ .11 ಈಗ ಬಿ ಮೂಲಕ ತೋರಿಸ್ತಿದೆ. ಆದ್ರೆ ಈಗ ಪೀಕ್ ಟೈಮಲ್ಲಿ ಬಿ 380 ಎಂಬಿ ಅಷ್ಟೇ. ಎ ಇನ್ನೂ ತುಂಬಿದೆ. ಅರ್ಧ ವಿಳಾಸ ಆ ಕಡೆ ಹೋದ್ಮೇಲೆ ಅರ್ಧ ಟ್ರಾಫಿಕ್ ಹೋಗ್ಬೇಕಲ್ವಾ?


ಹಳೇ_ಬೇರು · ರಾತ್ರಿ 9:44

512 ವಿಳಾಸಕ್ಕೆ 2,200 ಮನೆ ಅಂದ್ರೆ ನೀವು ನ್ಯಾಟ್ (ಹಲವು ಮನೆಗೆ ಒಂದೇ ಐಪಿ ಹಂಚೋದು) ಮಾಡ್ತಿದೀರ. ನ್ಯಾಟ್ ಪೂಲ್ ಯಾವ ವಿಳಾಸದಲ್ಲಿದೆ?


ಸಾಗರದ_ಹುಡುಗ · ರಾತ್ರಿ 9:51

ಅಯ್ಯೋ. ಪೂಲ್ ಪೂರ್ತಿ 198.18.10.ದಲ್ಲೇ ಇದೆ. .11ರಲ್ಲಿ ಇರೋದು ಬ್ಯಾಂಕು, ಕಾಲೇಜು, ಅಡಿಕೆ ಮಂಡಿ ಅಂತ ಸ್ಟ್ಯಾಟಿಕ್ ಐಪಿ ಗ್ರಾಹಕರು, ನಮ್ಮ ಸರ್ವರು. ಅರ್ಥ ಆಯ್ತು ಸರ್, ಹೊರಗೆ ಹೋಗುವಾಗ ಯಾವ ವಿಳಾಸ ಹಚ್ಚಿಕೊಂಡು ಹೋಯ್ತೋ ವಾಪಸ್ ಬರೋದು ಅದೇ ವಿಳಾಸಕ್ಕೆ, ಮನೆಗಳೆಲ್ಲಾ .10 ಹಚ್ಚಿಕೊಂಡು ಹೋಗ್ತಿವೆ, ಬರೋದೂ .10ಕ್ಕೇ.


ಹಳೇ_ಬೇರು · ರಾತ್ರಿ 10:03

ಅಷ್ಟೇ. ಅರ್ಧ ಏರಿಯಾನ .11ರ ಪೂಲ್‌ಗೆ ಸರಿಸಿ. ಒಂದೇ ಮನೆಯ ಸೆಷನ್‌ಗಳು ಎರಡು ಪೂಲ್‌ಗೆ ಒಡೆಯೋ ಹಾಗೆ ಮಾಡಬೇಡಿ, ಬ್ಯಾಂಕ್ ಆ್ಯಪ್‌ಗಳು ಲಾಗೌಟ್ ಮಾಡ್ತವೆ. ನಡುರಾತ್ರಿ ಮಾಡಿ. ಮತ್ತೆ ಎರಡೂ ಅಪ್‌ಸ್ಟ್ರೀಮ್ ಇಂಟರ್ಫೇಸ್‌ನಲ್ಲಿ ಸ್ಟ್ರಿಕ್ಟ್ ಯುಆರ್‌ಪಿಎಫ್ (ಬಂದ ದಾರೀಲೇ ವಾಪಸ್ ಹೋಗೋ ರೂಟ್ ಇಲ್ದಿದ್ರೆ ಪ್ಯಾಕೆಟ್ ಬೀಳಿಸೋ ತಪಾಸಣೆ) ಏನಾದ್ರೂ ಇದ್ರೆ ತೆಗೀರಿ, ಈಗಿಂದ ಹೋಗೋ ದಾರಿ ಒಂದು, ಬರೋ ದಾರಿ ಒಂದು ಇರುತ್ತೆ, ಸ್ಟ್ರಿಕ್ಟ್ ಇದ್ರೆ ಒಳ್ಳೇ ಪ್ಯಾಕೆಟ್ಟೂ ಬೀಳುತ್ತೆ.


ಸಾಗರದ_ಹುಡುಗ · ಗುರುವಾರ ರಾತ್ರಿ 9:15

ಎ 2.1 ಜಿ, ಬಿ 1.9 ಜಿ. ಡ್ರಾಪ್ ಸೊನ್ನೆ. ಪ್ರಿಪೆಂಡ್ ತೆಗೆದುಹಾಕಿದೆ. ಇವತ್ತು ಸಂಜೆಯಿಂದ ಒಂದೂ ಕಂಪ್ಲೇಂಟ್ ಬಂದಿಲ್ಲ, ಅಪ್ಪ ಫೋನ್ ಹಾಳಾಗಿದ್ಯಾ ಅಂತ ಎರಡು ಸಲ ಎತ್ತಿ ನೋಡಿದ್ರು. ನಿಮ್ಮೆಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕು ಗೊತ್ತಾಗ್ತಿಲ್ಲ.


ರಾತ್ರಿಪಾಳಿ_ಧಾರವಾಡ · ರಾತ್ರಿ 9:28

ಭಾಳ ಖುಷಿ ಆತ್ರಿ. ಎ ಕಿತ್ತು ನೋಡೀರೇನು? ಮಳಿ ಬರೂದರಾಗ ಒಮ್ಮೆ ಕಿತ್ತು ನೋಡ್ರಿ.


ಸಾಗರದ_ಹುಡುಗ · ಶುಕ್ರವಾರ ಬೆಳಗ್ಗೆ 6:40

ಬೆಳಗಿನ ಜಾವ 3ಕ್ಕೆ ನೋಡಿದೆ ಅಣ್ಣ. ರೂಟರ್ ಹತ್ರ ಪ್ಯಾಚ್ ಕಾರ್ಡ್ ಕಿತ್ತಾಗ ಒಂದು ನಿಮಿಷದೊಳಗೆ ಎಲ್ಲಾ ಬಿ ಗೆ ಹೋಯ್ತು, .10 ಕೂಡ /23 ಹಿಡಿದು ಬಂತು. ಆದ್ರೆ ಎ ಯವ್ರ ಸ್ವಿಚ್‌ನ ಆಚೆ ಕಡೆ ಕೀಳಿಸಿದಾಗ ನಮ್ಮ ಇಂಟರ್ಫೇಸ್ ಅಪ್ ಅಂತಾನೇ ತೋರಿಸ್ತಿತ್ತು, ಹೋಲ್ಡ್ ಟೈಮರ್ ಮುಗಿಯೋ ತನಕ ಮೂರು ನಿಮಿಷ ಅರ್ಧ ಊರಿಗೆ ನೆಟ್ ಇಲ್ಲ. ಎ ಯವ್ರು ಬಿಎಫ್‌ಡಿ (ಲಿಂಕ್ ಸತ್ತಿದ್ದನ್ನ ಬೇಗ ಪತ್ತೆ ಮಾಡೋದು) ಕೊಡ್ತೀವಿ ಅಂದ್ರು, ಇವತ್ತು ಹಾಕ್ತಿದೀವಿ. ಬಿ ಯವ್ರು ಆಗಲ್ಲ ಅಂದ್ರು, ಅವ್ರ ಕಡೆಗೆ ಕೀಪಲೈವ್ 10, ಹೋಲ್ಡ್ 30 ಮಾಡಿದೀನಿ, ಎರಡು ಕಡೆಯಲ್ಲಿ ಕಡಿಮೆ ಇರೋದೇ ನಿಲ್ಲೋದ್ರಿಂದ ಅವ್ರು ಏನೂ ಬದಲಾಯಿಸ್ಬೇಕಾಗ್ಲಿಲ್ಲ. ಮತ್ತೆ ಕೀಳಿಸಿ ನೋಡ್ದಾಗ 30 ಸೆಕೆಂಡಿಗೆ ಬಿತ್ತು, ಟ್ರಾಫಿಕ್ ಎ ಗೆ ಬಂತು. ಈಗ ಹೋಗಿ ಸ್ವಲ್ಪ ಮಲಗ್ತೀನಿ.